ಕಾಣೆಯಾದ ಫೈಲು, ಸಿ.ಡಿ.ಯಲ್ಲೇ ಉಳಿದ ಕನ್ನಡ

ಇವತ್ತು ಫೋನಿನಲ್ಲಿ ಕನ್ನಡ ಓದುವುದು ದೊಡ್ಡ ವಿಷಯವೇ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಮನೆ ಕಂಪ್ಯೂಟರಿನಲ್ಲಿ ಕನ್ನಡದ ವೆಬ್ ಪುಟ ತೆರೆದರೆ, ಅಕ್ಷರದ ಜಾಗದಲ್ಲಿ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಕಂಪ್ಯೂಟರ್ ಕೆಟ್ಟಿರಲಿಲ್ಲ. ಕನ್ನಡಕ್ಕೆ ಬೇಕಾದ ಫೈಲುಗಳು ಅದರೊಳಗೆ ಬಂದೇ ಇರಲಿಲ್ಲ.

2001ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿ ಬಿಡುಗಡೆ ಮಾಡಿತು. ಅದರಲ್ಲಿ ಕನ್ನಡಕ್ಕೆ ‘ತುಂಗಾ’ ಎಂಬ ಫಾಂಟ್ ಇತ್ತು. ಗುಣಿತ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಇತ್ತು. ಆದರೆ ಇಂಗ್ಲಿಷ್ ವಿಂಡೋಸ್ ಹಾಕಿದಾಗ ಇವು ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷೆಗಳ ವಿಭಾಗಕ್ಕೆ ಹೋಗಿ ಒಂದು ಟಿಕ್ ಹಾಕಬೇಕಿತ್ತು. ಅರೇಬಿಕ್, ಥಾಯ್, ಭಾರತದ ಭಾಷೆಗಳು ಎಲ್ಲಕ್ಕೂ ಸೇರಿ 10 ಎಂಬಿಯಷ್ಟು ಜಾಗ ಬೇಕೆಂದು ಅದು ಹೇಳುತ್ತಿತ್ತು. ಓಕೆ ಒತ್ತಿದರೆ, ವಿಂಡೋಸ್ ಸಿ.ಡಿ. ಹಾಕಿ ಎನ್ನುತ್ತಿತ್ತು.

ಕಷ್ಟ ಬಂದದ್ದೇ ಅಲ್ಲಿ. ನಮ್ಮ ಮೂಗೂರಿನಂಥ ಊರುಗಳಲ್ಲಿ ಪೇಟೆಯಲ್ಲಿ ಜೋಡಿಸಿ ತಂದ ಕಂಪ್ಯೂಟರುಗಳೇ ಹೆಚ್ಚು. ಸಿ.ಡಿ. ಅಂಗಡಿಯಲ್ಲೇ ಉಳಿಯುತ್ತಿತ್ತು. ಒಂದು ಫೈಲಿಗಾಗಿ ಸಿಪಿಯು ಹೊತ್ತುಕೊಂಡು ನರಸೀಪುರಕ್ಕೋ ಮೈಸೂರಿಗೋ ಬಸ್ ಹತ್ತಬೇಕಿತ್ತು.

ಫೈಲು ಕಾಣೆಯಾಗುತ್ತಿದ್ದುದು ಹೇಗೆ?

ಕಂಪ್ಯೂಟರ್ ಆನ್ ಆಗಲು, ನಡೆಯಲು ಬೇಕಾದವು ಸಿಸ್ಟಂ ಫೈಲುಗಳು. ವಿಂಡೋಸ್ 95ರ ಕಾಲದಲ್ಲಿ ಇವಕ್ಕೆ ಗಟ್ಟಿ ಕಾವಲು ಇರಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಿದರೆ, ಅದು ತನ್ನ ಹಳೆಯ ಫೈಲನ್ನು ಇದ್ದ ಹೊಸ ಫೈಲಿನ ಮೇಲೆ ಕೂರಿಸಿಬಿಡುತ್ತಿತ್ತು. ಆಗ ಇನ್ನೊಂದು ಸಾಫ್ಟ್‌ವೇರ್ ನಿಂತುಹೋಗುತ್ತಿತ್ತು.

1998ರ ವಿಂಡೋಸ್ 98ರಲ್ಲಿ ಕೆಟ್ಟ ಫೈಲು ಹುಡುಕಿ ಸಿ.ಡಿ.ಯಿಂದ ತುಂಬುವ ‘ಸಿಸ್ಟಂ ಫೈಲ್ ಚೆಕರ್’ ಬಂತು. ವಿಂಡೋಸ್ 2000 ಮುಖ್ಯ ಫೈಲುಗಳ ನಕಲನ್ನು ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಂಡು, ಅಸಲು ಅಳಿದರೆ ತಾನೇ ವಾಪಸ್ ಹಾಕುತ್ತಿತ್ತು. ಅದೇ ವರ್ಷದ ವಿಂಡೋಸ್ ಎಂಇ ಜೊತೆ, ಹಿಂದಿನ ದಿನದ ಸ್ಥಿತಿಗೆ ಮರಳಿಸುವ ‘ಸಿಸ್ಟಂ ರಿಸ್ಟೋರ್’ ಬಂತು.

ಜನರೇ ಅಳಿಸಿದ್ದೂ ಉಂಟು. 2001ರಲ್ಲಿ ‘ಎಸ್‌ಯುಎಲ್‌ಎಫ್‌ಎನ್‌ಬಿಕೆ’ ಎಂಬ ಫೈಲು ವೈರಸ್, ತಕ್ಷಣ ಅಳಿಸಿ, ಎಲ್ಲರಿಗೂ ತಿಳಿಸಿ ಎಂಬ ಇಮೇಲ್ ಲೋಕವೆಲ್ಲ ಓಡಾಡಿತು. ಅದು ವಿಂಡೋಸಿನದೇ ಫೈಲು. ಮರುವರ್ಷ ಕರಡಿ ಗೊಂಬೆ ಚಿತ್ರವಿದ್ದ ಇನ್ನೊಂದು ಫೈಲಿನ ಬಗ್ಗೆ ಅಂಥದ್ದೇ ಸುಳ್ಳು ಹಬ್ಬಿತು. ಇವತ್ತಿನ ವಾಟ್ಸ್‌ಆ್ಯಪ್ ಫಾರ್ವರ್ಡುಗಳ ಅಣ್ಣಂದಿರು ಇವು.

ಫಾರ್ಮ್ಯಾಟ್ ಎಂಬ ಒಂದೇ ಮದ್ದು

ಎಕ್ಸ್‌ಪಿ ಕಾಲದಲ್ಲಿ ಹೆದರಿಸುತ್ತಿದ್ದ ಸಾಲು ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’. ಕಪ್ಪು ಪರದೆ, ಮುಂದೆ ಏನೂ ಇಲ್ಲ. ಎಷ್ಟೋ ಸಲ ಡ್ರೈವಿನಲ್ಲಿ ಮರೆತ ಫ್ಲಾಪಿ ತೆಗೆದರೆ ಸಾಕಾಗುತ್ತಿತ್ತು. ಫೈಲು ನಿಜಕ್ಕೂ ಹೋಗಿದ್ದರೆ, ಸಿ.ಡಿ.ಯಿಂದ ಶುರು ಮಾಡಿ ‘ಆರ್’ ಒತ್ತಿ, ‘ಐ386’ ಫೋಲ್ಡರಿನಿಂದ ಅದನ್ನು ನಕಲು ಮಾಡಬಹುದಿತ್ತು. ಆದರೆ ಸುಲಭವಾಗಿ ಸಿಗುತ್ತಿದ್ದ ಮದ್ದು ಫಾರ್ಮ್ಯಾಟ್. ‘ಮೈ ಡಾಕ್ಯುಮೆಂಟ್ಸ್’, ಡೆಸ್ಕ್‌ಟಾಪ್ ಎರಡೂ ಸಿ ಡ್ರೈವಿನಲ್ಲೇ ಇರುತ್ತಿದ್ದವು. ಅದನ್ನು ಫಾರ್ಮ್ಯಾಟ್ ಮಾಡಿದರೆ ಮದುವೆ ಫೋಟೊ, ಸಂಘದ ಲೆಕ್ಕ ಎಲ್ಲವೂ ಹೋದಂತೆ.

1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಟೈಪ್ ಮಾಡಿದ ಪತ್ರಗಳ ಕಥೆ ಬೇರೆ. ಫಾಂಟ್ ಇಲ್ಲದಿದ್ದರೆ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕೆಟ್ಟಿದೆ ಎಂದು ಅಳಿಸಬೇಡಿ. ಆ ಫಾಂಟ್ ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ.

ಈಗೇನು ಮಾಡಬೇಕು?

2007ರ ವಿಸ್ತಾದಿಂದ ಕನ್ನಡ ವಿಂಡೋಸಿನ ಜೊತೆಗೇ ಬರುತ್ತಿದೆ. ವಿಂಡೋಸ್ 8ರಿಂದ ಕೆಟ್ಟ ಫೈಲಿನ ಒಳ್ಳೆಯ ನಕಲನ್ನು ಇಂಟರ್‌ನೆಟ್‌ನಿಂದಲೇ ತರಿಸಿಕೊಳ್ಳುವ ಏರ್ಪಾಡಿದೆ. ಹಾಗಾಗಿ ಒಂದು ಫೈಲು ಇಲ್ಲ ಎಂದು ಬಂದಾಗ, ಗೊತ್ತಿಲ್ಲದ ವೆಬ್‌ಸೈಟಿನಿಂದ ಅದನ್ನು ಇಳಿಸಿಕೊಳ್ಳಬೇಡಿ. ರಿಪೇರಿಯವರಿಗೆ, ಮೊದಲು ನನ್ನ ಫೈಲು ಬೇರೆಡೆ ನಕಲು ಮಾಡಿ, ಆಮೇಲೆ ಸಿಸ್ಟಂ ಫೈಲ್ ಚೆಕರ್ ಓಡಿಸಿ, ಫಾರ್ಮ್ಯಾಟ್ ಕೊನೆಗೆ ಎನ್ನಿ.

ಪಹಣಿ ಪ್ರತಿ ಕಳೆದರೆ ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಸಿಗುತ್ತದೆ, ಮೂಲ ಅಲ್ಲಿದೆ. ಸಿಸ್ಟಂ ಫೈಲೂ ಹಾಗೆಯೇ. ಆದರೆ ತ್ರಿಪುರಸುಂದರಿ ಅಮ್ಮನವರ ಜಾತ್ರೆಯಲ್ಲಿ ನೀವು ತೆಗೆದ ನಿಮ್ಮ ಅಜ್ಜಿಯ ಫೋಟೊದ ಮೂಲ ನಿಮ್ಮ ಹತ್ತಿರ ಮಾತ್ರ ಇದೆ. ಅದನ್ನು ಪೆನ್‌ಡ್ರೈವಿಗೂ ಹಾಕಿಡಿ.