ರಾಜನ್–ನಾಗೇಂದ್ರ: ಎರಡು ಹೆಸರು, ಒಂದು ನಾದ

ಕಾವ್ಯಕ್ಕೆ ಒಬ್ಬ ಕವಿ, ಶಿಲ್ಪಕ್ಕೆ ಒಬ್ಬ ಶಿಲ್ಪಿ ಎಂಬುದು ನಮ್ಮ ರೂಢಿಯ ಎಣಿಕೆ. ಒಂದೇ ಕೃತಿಗೆ ಇಬ್ಬರ ಅಂಕಿತ ಬಿದ್ದರೆ, ಇದರಲ್ಲಿ ಯಾರ ಪಾಲೆಷ್ಟು ಎಂದು ತೂಗಿ ನೋಡುವ ಚಪಲ ಸಹಜವಾಗಿಯೇ ಮೂಡುತ್ತದೆ. ಅಂತಹ ಚಪಲಕ್ಕೆ ಎಡೆಗೊಡದೆ ಸುಮಾರು ನಾಲ್ಕು ದಶಕ ಕಾಲ ಒಂದೇ ಹೆಸರಿನಂತೆ ಬಾಳಿದ ಜೋಡಿ, ಕನ್ನಡ ಚಲಚ್ಚಿತ್ರ ಸಂಗೀತದ ರಾಜನ್–ನಾಗೇಂದ್ರ ಸಹೋದರರದು.

ಅಣ್ಣ ರಾಜನ್ 1933ರಲ್ಲಿಯೂ, ತಮ್ಮ ನಾಗೇಂದ್ರ 1935ರಲ್ಲಿಯೂ ಜನಿಸಿದರು. ಊರು ಮೈಸೂರು, ಬೀದಿ ಶಿವರಾಂಪೇಟೆ. ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ವಾದಕರು. ಚಿತ್ರಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, ಪರದೆಯ ಮೇಲೆ ಬೊಂಬೆಗಳು ಚಲಿಸುತ್ತಿದ್ದಾಗ, ಅವಕ್ಕೆ ಹಿನ್ನೆಲೆಯ ವಾದ್ಯ ನುಡಿಸುತ್ತಿದ್ದವರು ಅವರು. ಮೂಕಚಿತ್ರಕ್ಕೆ ನಾದ ಕೊಟ್ಟವರ ಮನೆಯಲ್ಲಿಯೇ ಮಾತಿನ ಚಿತ್ರಕ್ಕೆ ರಾಗ ಕೊಡುವವರು ಬೆಳೆದುದು ಒಂದು ಸೊಗಸಾದ ಯೋಗ. ರಾಜನ್ ಪಿಟೀಲನ್ನು ಕೈಗೆತ್ತಿಕೊಂಡರು. ನಾಗೇಂದ್ರ ಜಲತರಂಗವನ್ನು ಒಲಿಸಿಕೊಂಡರು. ಪಿಂಗಾಣಿ ಬಟ್ಟಲುಗಳಲ್ಲಿ ಹೆಚ್ಚು ಕಡಿಮೆ ನೀರು ತುಂಬಿ, ಸಣ್ಣ ಕಡ್ಡಿಗಳಿಂದ ತಟ್ಟಿ ಸ್ವರ ಹೊರಡಿಸುವ ವಾದ್ಯವಿದು. ನೀರಿನ ಅಳತೆ ತುಸು ತಪ್ಪಿದರೂ ಶ್ರುತಿ ಕೆಡುತ್ತದೆ.

ಬಿ. ವಿಠಲಾಚಾರ್ಯರು ಕೊಟ್ಟ ಅವಕಾಶದಿಂದ 1953ರ 'ಸೌಭಾಗ್ಯಲಕ್ಷ್ಮಿ'ಯಲ್ಲಿ ಈ ತರುಣರು ಸ್ವತಂತ್ರ ಸಂಗೀತ ನಿರ್ದೇಶಕರಾದರು. ಆಗ ಅಣ್ಣನಿಗೆ ವಯಸ್ಸು ಇಪ್ಪತ್ತರ ಆಸುಪಾಸು. ಅಲ್ಲಿಂದ ಮುಂದೆ ಅವರು ಸಂಗೀತ ನೀಡಿದ ಚಿತ್ರಗಳು ಸುಮಾರು 375 ಎಂದು ಎಣಿಕೆ. ಅವುಗಳಲ್ಲಿ 200ಕ್ಕೂ ಹೆಚ್ಚು ಕನ್ನಡದವು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಸಹೋದರರ ಹೆಸರಾದ ಚಿತ್ರಗಳಲ್ಲಿ ಹಲವು ಕನ್ನಡ ಕಾದಂಬರಿಗಳಿಂದ ಹುಟ್ಟಿದವು. 'ಎರಡು ಕನಸು' (1974) ವಾಣಿಯವರ ಕಾದಂಬರಿ. 'ಬಯಲುದಾರಿ' (1976) ಭಾರತೀಸುತರದು. 'ಪರಸಂಗದ ಗೆಂಡೆತಿಮ್ಮ' (1978) ಶ್ರೀಕೃಷ್ಣ ಆಲನಹಳ್ಳಿಯವರದು. ಮೊದಲಿನ ಎರಡನ್ನು ನಿರ್ದೇಶಿಸಿದವರು ದೊರೈ–ಭಗವಾನ್ ಎಂಬ ಮತ್ತೊಂದು ಜೋಡಿ. ಗೆಂಡೆತಿಮ್ಮನಿಗೆ ದೊಡ್ಡರಂಗೇಗೌಡರ ಹಳ್ಳಿಯ ಸೊಗಡಿನ ಪದಗಳು ಒದಗಿದವು. ಪುಸ್ತಕವನ್ನು ಓದಲಾರದ ತಾಯಂದಿರಿಗೂ ಆ ಕಥೆಗಳ ಸುಖದುಃಖ ಮುಟ್ಟಿತೆಂದರೆ, ಅದರಲ್ಲಿ ಈ ರಾಗಗಳ ಋಣ ದೊಡ್ಡದು.

'ಗಂಧದ ಗುಡಿ' (1973) ಚಿತ್ರಕ್ಕಾಗಿ ಚಿ. ಉದಯಶಂಕರ್ ಬರೆದ ಕನ್ನಡದ ಹಿರಿಮೆಯ ಗೀತೆಯನ್ನು ತಿಳಿಯದ ಕನ್ನಡ ಶಾಲೆಯಿಲ್ಲ. ನವೆಂಬರ್ ಮೊದಲ ದಿನ ಅದು ಇಂದಿಗೂ ಮೊಳಗುತ್ತದೆ. ಈ ಗೀತೆಯ ಹಿಂದೆ ನಿಂತವರನ್ನು ಒಮ್ಮೆ ನೋಡೋಣ. ರಾಗ ಹೆಣೆದವರು ಮೈಸೂರಿನವರು. ಹಾಡಿದ ಪಿ. ಬಿ. ಶ್ರೀನಿವಾಸರು ಆಂಧ್ರದ ಕಾಕಿನಾಡದಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿದವರು. ಪರದೆಯ ಮೇಲೆ ಅದಕ್ಕೆ ರೂಪ ಕೊಟ್ಟ ರಾಜಕುಮಾರರ ಊರಾದ ಗಾಜನೂರು ಇಂದು ತಮಿಳುನಾಡಿನ ಎಲ್ಲೆಯೊಳಗಿದೆ. 'ಎರಡು ಕನಸಿ'ನಲ್ಲಿ ಹಾಡಿದ ವಾಣಿ ಜಯರಾಂ ನಮ್ಮ ಕೃಷ್ಣಗಿರಿಗೆ ದೂರವಲ್ಲದ ವೇಲೂರಿನಲ್ಲಿ ಜನಿಸಿದವರು. ಕನ್ನಡದ ಹಾಡು ಹೀಗೆ ಹಲವು ಸೀಮೆಗಳ ಕೊರಳನ್ನು ಕೂಡಿಸಿಕೊಂಡು ಬೆಳೆಯಿತು.

ಸಹೋದರರೂ ಒಂದೇ ಭಾಷೆಗೆ ಕಟ್ಟುಬಿದ್ದು ಕೂರಲಿಲ್ಲ. ವಿಠಲಾಚಾರ್ಯರ ತೆಲುಗು ಚಿತ್ರ 'ಅಗ್ಗಿ ಪಿಡುಗು' (1964) ಇವರ ಸಂಗೀತದಲ್ಲಿ ಬಂದಿತು. 1977ರ 'ಪಂತುಲಮ್ಮ'ಕ್ಕೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯೂ ದೊರಕಿತು. ಪಂತುಲಮ್ಮನೆಂದರೆ ಉಪಾಧ್ಯಾಯಿನಿ ಎಂಬುದನ್ನು ಹೊಸೂರು ಸೀಮೆಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ! ತಮಿಳು, ತುಳು, ಮಲಯಾಳ, ಸಿಂಹಳ ಚಿತ್ರಗಳಿಗೂ ಅವರು ಸ್ವರ ಸಂಯೋಜಿಸಿದರು.

ಜೋಡಿಗಳು ಕೂಡುವುದು ಸುಲಭ, ಉಳಿಯುವುದು ಕಷ್ಟ. ತಮಿಳಿನ ಮಹಾ ಜೋಡಿಯಾದ ವಿಶ್ವನಾಥನ್–ರಾಮಮೂರ್ತಿ 1965ರಲ್ಲಿ ಬೇರೆಯಾದರು. ಮೈಸೂರಿನ ಈ ಅಣ್ಣತಮ್ಮಂದಿರನ್ನು ಅಗಲಿಸಿದ್ದು ಮೃತ್ಯುವೊಂದೇ. 2000ನೆಯ ಇಸವಿ ನವೆಂಬರ್ 4ರಂದು ನಾಗೇಂದ್ರ ತೀರಿಕೊಂಡರು. ಅಣ್ಣ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತ ಇನ್ನೂ ಇಪ್ಪತ್ತು ವರ್ಷ ಬಾಳಿ, 2020ರ ಅಕ್ಟೋಬರ್ 11ರಂದು ಕಣ್ಮುಚ್ಚಿದರು. ಆ ದಿನ ಪತ್ರಿಕೆಗಳು ಬರೆದುದು ಮಾತ್ರ 'ರಾಜನ್–ನಾಗೇಂದ್ರ ಜೋಡಿಯ ರಾಜನ್' ಎಂದೇ.

ನಮ್ಮ ಆಲಸನತ್ತಂ ಹೊಸೂರಿನ ಮಗ್ಗುಲಿನದು. ಹೊಸೂರು ಹಿಂದೆ ಸೇಲಂ ಜಿಲ್ಲೆಯಲ್ಲಿತ್ತು; 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಮನೆಯ ಮಾತು ಬದಲಾಗಲಿಲ್ಲ. ಆದರೂ ಮನೆಯಲ್ಲಿ ಕನ್ನಡ, ನೆರೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಕೇಳುವ ಇಲ್ಲಿಯ ಬಾಲಕನಿಗೆ, ತನ್ನ ಕನ್ನಡ ಎಲ್ಲಿಯೋ ಅಂಚಿನದು, ಅರೆಬರೆಯದು ಎಂಬ ಅಳುಕು ಕಾಡುವುದುಂಟು. ಉಪಾಧ್ಯಾಯ ಮಿತ್ರರು ಅವನಿಗೆ ಗಂಧದ ಗುಡಿಯ ಗೀತೆಯನ್ನು ಕಲಿಸುವ ದಿನ, ಅದನ್ನು ಹಾಡಿದವರ ಊರನ್ನೂ ನಟಿಸಿದವರ ಊರನ್ನೂ ಭೂಪಟದಲ್ಲಿ ತೋರಿಸಲಿ. ಕನ್ನಡಿಗರೆಲ್ಲರೂ ಎದೆಯುಬ್ಬಿಸಿ ಹಾಡುವ ಹಾಡಿನಲ್ಲಿ ಗಡಿಯಾಚೆಯವರ ಪಾಲಿದೆ ಎಂದು ತಿಳಿದ ಬಾಲಕ, ಮುಂದಿನ ಸಲ ಆ ಹಾಡನ್ನು ತನ್ನದೆಂದೇ ಹಾಡಿಯಾನು.