ಬೆಂಗಳೂರು ಪೇಟೆಯಲ್ಲಿ ನಡೆದು ಓದುವ ನಮ್ಮೂರ ಚರಿತ್ರೆ

"ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಆದ್ರೂ ನಾವು ತಮಿಳುನಾಡಲ್ಲಿ ಯಾಕಿದ್ದೀವಿ ಸಾರ್?" ಮಾರಂಡಹಳ್ಳಿ ಸೀಮೆಯಲ್ಲಿ ಕನ್ನಡ ಪಾಠ ಹೇಳುವ ನಮಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಉತ್ತರದ ಬಹುಪಾಲು ಸಿಗುವುದು ಬೆಂಗಳೂರಿನ ಹಳೇ ಪೇಟೆಯಲ್ಲಿ. ಹೊಸೂರಿನ ಮೇಲೆ ಹೋಗುವ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿಳಿದು, ಬಸ್ಸು ಆಟೋ ಬಿಟ್ಟು ಒಂದು ದಿನ ನಡೆದರೆ ಸಾಕು.

ಮೊದಲು ಚಿಕ್ಕಪೇಟೆ. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ಮಾಡಿದರು. ಚಿಕ್ಕಪೇಟೆ ದೊಡ್ಡಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ನೇಗಿಲ ಗೆರೆ ಎಳೆಸಿದರಂತೆ, ಆ ಗೆರೆಗಳೇ ಬೀದಿಗಳಾದವಂತೆ. ಇಂದಿನ ಅವೆನ್ಯೂ ರಸ್ತೆಯೇ ಆ ದೊಡ್ಡಪೇಟೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ... ಯಾರು ಎಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಹೆಸರೇ ಹೇಳುತ್ತದೆ.

ಪಕ್ಕದ ತಿಗಳರಪೇಟೆಯ ಧರ್ಮರಾಯನ ಗುಡಿಯನ್ನು ನೋಡದೆ ಮುಂದೆ ಹೋಗಬಾರದು. ಚೈತ್ರ ಹುಣ್ಣಿಮೆಯ ಕರಗ ಹೊರಡುವುದು ಇಲ್ಲಿಂದಲೇ. ಅದನ್ನು ನಡೆಸುವ ತಿಗಳರು ತಮಿಳು ಸೀಮೆಯಿಂದ ಬಂದವರೆಂದು ಹೇಳುತ್ತಾರೆ. ಕರಗವು ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅಲ್ಲಿಂದ ಇಲ್ಲಿಗೆ ಬಂದವರು ಬೆಂಗಳೂರಿನ ದೊಡ್ಡ ಹಬ್ಬದ ಒಡೆಯರಾದರು ನೋಡಿ!

ಈ ಊರು ಕೈ ಬದಲಾಯಿಸಿದ್ದು ಒಂದೆರಡು ಸಲವಲ್ಲ. 1638ರಲ್ಲಿ ಬಿಜಾಪುರದವರು, 1687ರಲ್ಲಿ ಮೊಗಲರು, 1690ರಲ್ಲಿ ಮೂರು ಲಕ್ಷ ರೂಪಾಯಿ ಕೊಟ್ಟು ಕೊಂಡರೆಂಬ ಮೈಸೂರಿನ ಚಿಕ್ಕದೇವರಾಜ ಒಡೆಯರು. ಹೈದರಾಲಿ 1761ರಲ್ಲಿ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ.

ಕೆ.ಆರ್. ಮಾರ್ಕೆಟ್ಟಿನ ಹೂವು ತರಕಾರಿಗಳ ಗದ್ದಲ ದಾಟಿದರೆ ಆ ಕೋಟೆಯ ಉಳಿದ ತುಂಡು. ನಿಧಾನವಾಗಿ ನೋಡಬೇಕಾದ ಜಾಗ ಇದೇ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 7ರಂದು ಪೇಟೆಯನ್ನು ಹಿಡಿಯಿತು. ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತ. ಗೋಡೆಯನ್ನು ಫಿರಂಗಿಯಿಂದ ಒಡೆದು, ಮಾರ್ಚ್ 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆಗೆ ನುಗ್ಗಿದರು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಗೋಡೆ ಒಡೆದ ಜಾಗದಲ್ಲಿ ಆ ದಿನಾಂಕ ಕೆತ್ತಿದ ಇಂಗ್ಲಿಷ್ ಫಲಕವಿದೆ. ಹತ್ತಿರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ, ಸಾಲು ಮರದ ಕಂಬಗಳದ್ದು. ಹೈದರ್ 1781ರಲ್ಲಿ ಶುರು ಮಾಡಿದ್ದು ಮುಗಿದದ್ದು 1791ರಲ್ಲಿ, ಊರು ಕೈಬಿಟ್ಟ ವರ್ಷವೇ!

ಇದಕ್ಕೂ ನಮಗೂ ಏನು ಸಂಬಂಧ? ಬೆಂಗಳೂರು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ದಾರಿಯಾಯಿತು. 1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಆ ಅರ್ಧದಲ್ಲಿ ಬಾರಾಮಹಲೂ ಇತ್ತು, ಎಂದರೆ ಧರ್ಮಪುರಿ, ಕೃಷ್ಣಗಿರಿ, ನಮ್ಮ ಪಾಲಕ್ಕೋಡು ಸೀಮೆ. ಕ್ಯಾಪ್ಟನ್ ರೀಡ್, ಅವನ ಕೈಕೆಳಗೆ ಧರ್ಮಪುರಿಯಲ್ಲಿ ತಾಮಸ್ ಮನ್ರೋ, ಹೊಲ ಹೊಲ ಅಳೆದು ಕಂದಾಯ ಕಟ್ಟಿದರು. ರೈತವಾರಿ ಪದ್ಧತಿ ಬೆಳೆದದ್ದು ಇಲ್ಲೇ. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಸೇರಿತು. ಎಲ್ಲವೂ ಮದರಾಸಿನ ಸೇಲಂ ಜಿಲ್ಲೆಯಾಯಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗಲೂ ಈ ಗೆರೆ ಅಲುಗಲಿಲ್ಲ. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು, ಅಷ್ಟೇ.

ಅಂದರೆ ನಮ್ಮವರು ಗಡಿ ದಾಟಿ ಬಂದದ್ದಕ್ಕಿಂತ, ಗಡಿಯೇ ನಮ್ಮವರನ್ನು ದಾಟಿದ್ದು ಹೆಚ್ಚು. ಇದನ್ನು ಜಗಳಕ್ಕಾಗಿ ಹೇಳುತ್ತಿಲ್ಲ. ತಮಿಳೂ ನಮ್ಮ ಮಕ್ಕಳಿಗೆ ಅನ್ನದ ಭಾಷೆಯೇ. ಆದರೆ ತಾವು ಎಲ್ಲಿಂದಲೋ ಬಂದ ಪರದೇಶಿಗಳೆಂದುಕೊಂಡು ಅವರು ಬೆಳೆಯಬಾರದು.

ಸಂಜೆಗೆ ಲಾಲ್‌ಬಾಗ್. ಹೈದರ್ 1760ರಲ್ಲಿ ತೋಟ ಶುರು ಮಾಡಿದ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು: ಮಾಲ್ ಮೆಟ್ರೋ ಇನ್ನೊಂದು ದಿನಕ್ಕಿರಲಿ, ಮೊದಲು ಆ ಒಡೆದ ಗೋಡೆ ತೋರಿಸಿ.