ಒಂಟಿ ಮನೆಯ ಕರೆಂಟು

ಅಮೇರಿಕ ಅಂದ ಕೂಡಲೇ ಝಗಮಗಿಸುವ ದೀಪಗಳೇ ಕಣ್ಣ ಮುಂದೆ ಬರೋದು, ಅಲ್ಲವೇ? ಆದರೆ ಇದನ್ನು ಕೇಳಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟಿದ್ದರು. ಅದಾಗಿ ಮೂವತ್ತು ವರ್ಷ ಕಳೆದರೂ ಇಲ್ಲಿನ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕಂಪನಿಯ ತಂತಿ ಬಂದಿರಲಿಲ್ಲ! ಗಣಿಯವರಿಂದ ದುಡ್ಡು ಬರುತ್ತಿತ್ತು. ದೂರ ದೂರಕ್ಕೆ ಒಂದೊಂದು ಮನೆಯಿರುವ ಬಯಲಲ್ಲಿ ಕಂಬ ನೆಟ್ಟರೆ ಗಿಟ್ಟುತ್ತಿರಲಿಲ್ಲ. ಅಷ್ಟೇ ಲೆಕ್ಕ.

ಹಾಗಾಗಿ ಕೈಯಲ್ಲಿ ನಾಲ್ಕು ಕಾಸಿದ್ದ ರೈತರು ತಮ್ಮ ಕರೆಂಟನ್ನು ತಾವೇ ಮಾಡಿಕೊಂಡರು. 1916ರಲ್ಲಿ ಒಹಾಯೋದ ಡೇಟನ್ನಿನಿಂದ ‘ಡೆಲ್ಕೋ-ಲೈಟ್’ ಬಂತು. ಅದರ ಹಿಂದಿದ್ದವರು ಚಾರ್ಲ್ಸ್ ಕೆಟರಿಂಗ್, ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಪುಣ್ಯಾತ್ಮರು. ಒಂದು ಸೀಮೆಎಣ್ಣೆ ಎಂಜಿನ್, ಒಂದು ಡೈನಮೋ, ಗಾಜಿನ ಜಾಡಿಗಳಲ್ಲಿ 16 ಸೀಸದ ಸೆಲ್. ಒಂದೊಂದಕ್ಕೆ 2 ವೋಲ್ಟು, ಒಟ್ಟು 32.

ತಕರಾರು ಶುರುವಾಗೋದೇ ಇಲ್ಲಿ. ಸೀಸದ ಸೆಲ್ಲಿಗೆ ಚಾರ್ಜ್ ತುಂಬುವಾಗ ಅದು ಎರಡೂವರೆ ವೋಲ್ಟಿನ ಹತ್ತಿರ ಹೋಗುತ್ತೆ, ಬರಿದಾಗುವಾಗ 1.75ಕ್ಕೆ ಇಳಿಯುತ್ತೆ. ಹದಿನಾರರಿಂದ ಗುಣಿಸಿ ನೋಡಿ: ಮೇಲೆ 40, ಕೆಳಗೆ 28! ಎಂಜಿನ್ ಓಡುವಾಗ ಬಲ್ಬು ಉರಿದುಬೀಳುತ್ತೆ, ರಾತ್ರಿಯಾಗುತ್ತ ಕೆಂಪಾಗುತ್ತೆ. ಸಾಲದ್ದಕ್ಕೆ 32 ವೋಲ್ಟಿನಲ್ಲಿ ಒಂದು ಕಿಲೋವ್ಯಾಟ್ ಬೇಕೆಂದರೆ 31 ಆಂಪಿಯರ್ ಹರಿಯಬೇಕು. ಕೊಟ್ಟಿಗೆಯವರೆಗೆ ಸಣ್ಣ ತಂತಿ ಎಳೆದರೆ ಅರ್ಧ ವೋಲ್ಟೇಜು ದಾರಿಯಲ್ಲೇ ಖರ್ಚು.

ಇನ್ನು ಎಂಜಿನ್ನಿನ ವೇಗ. ಅದನ್ನು ಹಿಡಿತದಲ್ಲಿಡಲು ಜೇಮ್ಸ್ ವ್ಯಾಟ್ 1788ರಲ್ಲೇ ಉಗಿ ಎಂಜಿನ್ನಿಗೆ ತಿರುಗುವ ಗುಂಡುಗಳ ಗವರ್ನರ್ ಹಾಕಿದ್ದ. ಆದರೆ ಗವರ್ನರೇ ಕೆಲವೊಮ್ಮೆ ಗಲಾಟೆ ಮಾಡುತ್ತಿತ್ತು. ವೇಗ ಇಳಿಯಿತು ಅಂತ ಜಾಸ್ತಿ ಉಗಿ ಬಿಡೋದು, ಏರಿತು ಅಂತ ಜಾಸ್ತಿ ತಡೆಯೋದು, ಹೀಗೆ ಉಯ್ಯಾಲೆ. ಇದರ ಗಣಿತವನ್ನು 1868ರಲ್ಲಿ ಬಿಡಿಸಿಟ್ಟವರು ಮ್ಯಾಕ್ಸ್‌ವೆಲ್. ಇವತ್ತಿಗೂ ಹಳೆ ಜನರೇಟರಿನಲ್ಲಿ ದೀಪ ಉಸಿರಾಡಿದ ಹಾಗೆ ಏರಿಳಿದರೆ ಅದು ಈ ಉಯ್ಯಾಲೆಯೇ ಇರಬಹುದು. ಮೊಂಟಾನಾದ ಜೇಕಬ್ಸ್ ಸಹೋದರರು ತಮ್ಮ ಗಾಳಿಯಂತ್ರಕ್ಕೂ ಇಂಥದ್ದೇ ಗವರ್ನರ್ ಇಟ್ಟರು. ಬಿರುಗಾಳಿಗೆ ರೆಕ್ಕೆಗಳು ತಾವೇ ಓರೆಯಾಗುತ್ತಿದ್ದವು.

1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯ ನಂತರ ಸಹಕಾರ ಸಂಘಗಳು ಹಳ್ಳಿಹಳ್ಳಿಗೆ ತಂತಿ ತಂದವು. ಎಂಜಿನ್‌ಗಳು ಮೂಲೆ ಸೇರಿದವು. ಯಾಕೆ ಗೊತ್ತಾ? ದೊಡ್ಡ ಜಾಲ ಅಂದರೆ ಅವಿಭಕ್ತ ಕುಟುಂಬ ಇದ್ದ ಹಾಗೆ. ಒಬ್ಬರ ಮನೆಯ ಮೋಟಾರು ಶುರುವಾದರೆ ಆ ಭಾರವನ್ನು ಎಲ್ಲರೂ ಹೊರುತ್ತಾರೆ. ಒಂಟಿ ಮನೆಯಲ್ಲಿ ಫ್ರಿಜ್ಜು ಒಮ್ಮೆ ಗುರ್ ಅಂದರೆ ಅಡುಗೆಮನೆ ದೀಪವೇ ತಲೆ ತಗ್ಗಿಸುತ್ತೆ.

ಈಗ ಕಾಡಂಚಿನಲ್ಲಿ ಸೋಲಾರ್, ಇನ್ವರ್ಟರ್, ಜನರೇಟರ್ ಇಟ್ಟುಕೊಂಡವರೂ ಅದೇ ಒಂಟಿ ಮನೆಯವರು. ದುಬಾರಿ ಪೆಟ್ಟಿಗೆ ಬದಲಿಸುವ ಮೊದಲು ಆ ಹಳೇ ರೈತರ ಕ್ರಮದಲ್ಲೇ ಹುಡುಕಿ. ಮೊದಲು ವೇಗ. 60 ಹರ್ಟ್ಸ್ ಇರಬೇಕಾದದ್ದು (ನಮ್ಮೂರಲ್ಲಾದರೆ 50) ತೂಗಾಡುತ್ತಿದ್ದರೆ ತಪ್ಪು ಎಂಜಿನ್ನಿನ ಕಡೆ: ಇಂಧನ, ಏರ್ ಫಿಲ್ಟರ್, ಗವರ್ನರ್. ಹರ್ಟ್ಸ್ ಗಟ್ಟಿಯಾಗಿದ್ದು ವೋಲ್ಟು ಮಾತ್ರ ಕುಣಿದರೆ ವೋಲ್ಟೇಜ್ ರೆಗ್ಯುಲೇಟರ್ ಅಥವಾ ಸಡಿಲ ಜೋಡಣೆ. ಆಮೇಲೆ ಬ್ಯಾಟರಿ. ಲೋಡ್ ಇರುವಾಗಲೇ ಬ್ಯಾಟರಿಯ ಬಾಯಲ್ಲೊಮ್ಮೆ, ಇನ್ವರ್ಟರಿನ ಬಾಯಲ್ಲೊಮ್ಮೆ ಅಳೆಯಿರಿ. ಎರಡಕ್ಕೂ ವ್ಯತ್ಯಾಸ ಜಾಸ್ತಿ ಬಂದರೆ ತಂತಿ ಸಣ್ಣದು, ಇಲ್ಲವೇ ಬಿಗಿ ತಪ್ಪಿದೆ. ಎರಡೂ ಒಟ್ಟಿಗೆ ಕುಸಿದರೆ ಬ್ಯಾಟರಿ ಬರಿದಾಗಿದೆ ಅಥವಾ ಮುದಿಯಾಗಿದೆ. ಕಡೆಗೆ ಚಾರ್ಜರ್. ಸಣ್ಣ ಜನರೇಟರಿಗೆ ದೊಡ್ಡ ಚಾರ್ಜರ್ ಗಂಟುಬಿದ್ದರೆ ಕರೆಂಟಿನ ಅಲೆಯ ನೆತ್ತಿ ಚಪ್ಪಟೆಯಾಗಿ, ಇನ್ವರ್ಟರು ಆ ಕರೆಂಟೇ ಬೇಡ ಅಂತ ಕೈಬಿಡಬಹುದು. ಚಾರ್ಜಿಂಗ್ ಆಂಪಿಯರ್ ಇಳಿಸಿ ನೋಡಿ. ಅಂದಹಾಗೆ, ಜನರೇಟರನ್ನು ಮನೆಯಿಂದ ದೂರ, ಬಯಲಲ್ಲೇ ಇಡಿ. ಅದರ ಹೊಗೆ ಪ್ರಾಣ ತೆಗೆಯುತ್ತೆ.

ಡೆಲ್ಕೋ ಕಾಲದ ರೈತನಿಗೆ ತನ್ನ ಕರೆಂಟು ಎಲ್ಲಿಂದ ಬರುತ್ತೆ, ಎಲ್ಲಿ ಸೋರುತ್ತೆ ಅಂತ ಗೊತ್ತಿರಲೇಬೇಕಿತ್ತು. ಜಾಲಕ್ಕೆ ಸೇರಿದ ಮೇಲೆ ನಾವು ಸ್ವಿಚ್ ಒತ್ತೋದನ್ನಷ್ಟೇ ಕಲಿತೆವು. ಜಾಲ ಬಿಟ್ಟು ಹೊರಟವರು ಅವನ ವಿದ್ಯೆಯನ್ನೂ ಜೊತೆಗೆ ಒಯ್ಯಬೇಕು.